ಕಟ್ಟಡಕ್ಕೊಂದು ಹೆಸರು

ನಮ್ಮ ಊರಿನಲ್ಲಿ ಹೊಸದಾಗಿ ಎದ್ದಿರುವ ಸಭಾಭವನಕ್ಕೆ, ಬಹುಕಾಲ ವಿಧಾನಸಭೆಯಲ್ಲಿದ್ದು ಈಗ ವಿಶ್ರಾಂತಿಯಲ್ಲಿರುವ ಹಿರಿಯರೊಬ್ಬರ ಹೆಸರಿಡಬೇಕೆಂದು ಕೆಲವು ಮಹನೀಯರು ನಿಶ್ಚಯಿಸಿದ್ದಾರೆ. ಕಲ್ಲಿನ ಮೇಲೆ ಕೆತ್ತಿಸಲು ನಾಲ್ಕು ಸಾಲು ಬರೆದುಕೊಡಬೇಕೆಂದು ನನ್ನಲ್ಲಿಗೆ ಬಂದರು. ಕನ್ನಡದ ಮೇಷ್ಟರೆಂದರೆ ಮದುವೆಯ ಕರೆಯೋಲೆಯಿಂದ ಹಿಡಿದು ಬಿನ್ನವತ್ತಳೆಯವರೆಗೆ ಎಲ್ಲವನ್ನೂ ಬರೆದುಕೊಡತಕ್ಕವರು ಎಂಬ ಭಾವನೆ ಊರಿನಲ್ಲಿ ಇನ್ನೂ ಉಳಿದಿದೆ. ಸಂತೋಷದಿಂದಲೇ ಒಪ್ಪಿದೆ. “ಈ ಕಟ್ಟಡಕ್ಕೂ ಅವರಿಗೂ ಏನು ಸಂಬಂಧ?” ಎಂದು ಒಂದು ಮಾತು ಮಾತ್ರ ಕೇಳಿದೆ. ಬಂದವರು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. “ಸಂಬಂಧ ಯಾಕೆ ಬೇಕು ಸಾರ್? ಅಷ್ಟು ಸಲ ಗೆದ್ದವರಲ್ಲವೇ!” ಎಂದರು ಒಬ್ಬರು.

ಸಭೆ ಮಾಡುವ ಕಾಯಿದೆಗೂ ನಮ್ಮಲ್ಲಿ ಶಾಸನವೆಂದೇ ಹೆಸರು, ಕಲ್ಲಿನ ಮೇಲೆ ಕೊರೆದ ಬರೆಹಕ್ಕೂ ಶಾಸನವೆಂದೇ ಹೆಸರು. ಹಳ್ಳಿಯ ಹೊರಗೆ ಹುಲ್ಲಿನಲ್ಲಿ ಮುಳುಗಿ ನಿಂತ ವೀರಗಲ್ಲನ್ನು ಓದಿದವರಿಗೆ ಗೊತ್ತು: ಬರೆಹ ಅಳಿಯದೆ ಉಳಿದಿದ್ದರೆ, ಸತ್ತವನು ಯಾರು ಎಂಬುದಷ್ಟೇ ಅಲ್ಲ, ತುರುಗಳನ್ನು ಮರಳಿಸಲು ಹೋಗಿ ಸತ್ತನೋ ಊರಳಿವನ್ನು ತಡೆಯಲು ಹೋಗಿ ಸತ್ತನೋ ಎಂಬುದನ್ನೂ ಅದು ಹೇಳುತ್ತದೆ. ಹೆಸರಿನ ಹಿಂದೆ ಕಾರಣವಿರುತ್ತದೆ. ಮಹನೀಯರು ಹೊರಟುಹೋದ ಮೇಲೆ ಇದನ್ನೇ ಯೋಚಿಸುತ್ತ ಕುಳಿತವನಿಗೆ, ಎಂದೋ ಓದಿದ್ದ ಒಂದು ಅಮೆರಿಕನ್ ಕಟ್ಟಡದ ಚರಿತ್ರೆ ನೆನಪಾಯಿತು.

ಮಿಷಿಗನ್ ಸಂಸ್ಥಾನದಲ್ಲಿ ಬ್ಯಾಟ್ಲ್ ಕ್ರೀಕ್ ಎಂಬುದೊಂದು ಪಟ್ಟಣ. ಬೆಳಗಿನ ಕಾರ್ನ್‌ಫ್ಲೇಕ್ಸ್ ಡಬ್ಬದ ಮೇಲೆ ಕಾಣುವ ಕೆಲಾಗ್ ಎಂಬ ಹೆಸರಿನ ತೌರೂರು ಇದು. ಅಣ್ಣ ಡಾಕ್ಟರ್ ಜಾನ್ ಹಾರ್ವೆ ಕೆಲಾಗ್ 1876ರಲ್ಲಿ ಇಲ್ಲಿಯ ಆರೋಗ್ಯಧಾಮದ ಮುಖ್ಯಸ್ಥನಾದ. ಮಾಂಸವಿಲ್ಲ, ಮದ್ಯವಿಲ್ಲ, ಕಾಫಿಯೂ ಇಲ್ಲ (ನಮ್ಮವರು ಒಂದು ದಿನವೂ ನಿಲ್ಲುತ್ತಿರಲಿಲ್ಲ). ಆದರೂ ದೇಶದ ಧನಿಕರೆಲ್ಲ ಅಲ್ಲಿಗೆ ಹೋಗಿ ಸ್ನಾನ, ವ್ಯಾಯಾಮ, ಪಥ್ಯಗಳಿಗೆ ಮೈಯೊಡ್ಡಿದರು. 1902ರಲ್ಲಿ ಕಟ್ಟಡ ಸುಟ್ಟುಹೋಯಿತು, ಮತ್ತೆ ಕಟ್ಟಿದರು. 1928ರಲ್ಲಿ ಹದಿನೈದು ಅಂತಸ್ತಿನ ಗೋಪುರವನ್ನೂ ಸೇರಿಸಿದರು. ಮರುವರ್ಷವೇ ಆರ್ಥಿಕ ಕುಸಿತ. ಧನಿಕರು ಬರುವುದು ನಿಂತಿತು, ಸಾಲ ಉಳಿಯಿತು. 1942ರಲ್ಲಿ ಸೈನ್ಯವು ಕಟ್ಟಡವನ್ನು ಕೊಂಡು ಆಸ್ಪತ್ರೆಯನ್ನಾಗಿ ಮಾಡಿ, ಪರ್ಸಿ ಜೋನ್ಸ್ ಎಂಬ ಸೇನಾವೈದ್ಯನ ಹೆಸರಿಟ್ಟಿತು. ಮೊದಲನೆಯ ಮಹಾಯುದ್ಧದಲ್ಲಿ ಗಾಯಾಳುಗಳನ್ನು ವಾಹನಗಳಲ್ಲಿ ರಣರಂಗದಿಂದ ಸಾಗಿಸುವ ವ್ಯವಸ್ಥೆಗಾಗಿ ದುಡಿದವನು ಆತ.

ಕೈಕಾಲು ಕಳೆದುಕೊಂಡವರ ಆರೈಕೆಗೆ ಈ ಆಸ್ಪತ್ರೆ ಹೆಸರಾಯಿತು. ಅಲ್ಲಿಗೆ ಬಂದ ಸಹಸ್ರಾರು ಗಾಯಾಳುಗಳಲ್ಲಿ ಮೂವರ ಕಥೆಯನ್ನು ಮಾತ್ರ ಇಲ್ಲಿ ಹೇಳಬೇಕಾಗಿದೆ.

ಮೊದಲನೆಯವನು ಫಿಲಿಪ್ ಹಾರ್ಟ್. 1944ರ ಜೂನಿನಲ್ಲಿ ನಾರ್ಮಂಡಿಯ ಯೂಟಾ ತೀರದಲ್ಲಿ ಇಳಿದಾಗ ತೋಳಿಗೆ ಗಾಯವಾಯಿತು. ಎರಡನೆಯವನು ಕ್ಯಾನ್ಸಸ್ ಸಂಸ್ಥಾನದ ರಸಲ್ ಎಂಬ ಸಣ್ಣ ಊರಿನ ಬಾಬ್ ಡೋಲ್. 1945ರ ಏಪ್ರಿಲ್ 14ರಂದು ಇಟಲಿಯ ಬೆಟ್ಟಗಳಲ್ಲಿ ಗಾಯಗೊಂಡ. ಬಲಗೈ ಜೀವನಪೂರ್ತಿ ನಿಷ್ಪ್ರಯೋಜಕವಾಯಿತು. ಜನ ಕೈಕುಲುಕಲು ಬರಬಾರದೆಂದು ಮುಂದೆ ಆ ಕೈಯಲ್ಲಿ ಸದಾ ಒಂದು ಪೆನ್ನು ಹಿಡಿದಿರುತ್ತಿದ್ದ. ಮೂರನೆಯವನು ಹವಾಯಿಯ ಡೇನಿಯಲ್ ಇನೊಯೆ, ಜಪಾನೀ ವಂಶದವನು. ಡೋಲ್ ಬಿದ್ದ ಒಂದು ವಾರಕ್ಕೆ, ಅದೇ ಇಟಲಿಯಲ್ಲಿ ಬಲಗೈಯನ್ನೇ ಕಳೆದುಕೊಂಡ. ಜಪಾನೀಯರೆಂಬ ಕಾರಣಕ್ಕೆ ಲಕ್ಷಕ್ಕೂ ಮೀರಿದ ಜನರನ್ನು ಅಮೆರಿಕವು ಶಿಬಿರಗಳಲ್ಲಿ ಕೂಡಿಹಾಕಿದ್ದ ಕಾಲ ಅದು. ಆ ದೇಶಕ್ಕಾಗಿ ಕೈಕೊಟ್ಟು ಹಿಂತಿರುಗಿದ ಇನೊಯೆಗೆ ಸ್ಯಾನ್ ಫ್ರಾನ್ಸಿಸ್ಕೋದ ಒಬ್ಬ ಕ್ಷೌರಿಕ ಕ್ಷೌರ ಮಾಡಲು ನಿರಾಕರಿಸಿದನಂತೆ. ಸಮವಸ್ತ್ರದ ಒಂದು ತೋಳು ಖಾಲಿಯಾಗಿ ಜೋಲಾಡುತ್ತಿದ್ದುದು ಅವನ ಕಣ್ಣಿಗೆ ಬೀಳಲಿಲ್ಲವೋ ಏನೋ.

ಮುಂದೇನು ಮಾಡುವೆ ಎಂದು ಆಸ್ಪತ್ರೆಯಲ್ಲಿ ಇನೊಯೆ ಡೋಲನನ್ನು ಕೇಳಿದ. ಕಾನೂನು ಓದುವೆ, ಜಿಲ್ಲೆಯ ಸರಕಾರಿ ವಕೀಲನಾಗುವೆ, ಸಂಸ್ಥಾನದ ಶಾಸನಸಭೆಗೆ ಹೋಗುವೆ, ಅವಕಾಶ ಸಿಕ್ಕಿದೊಡನೆ ಕಾಂಗ್ರೆಸ್ಸಿಗೆ ಹೋಗುವೆ ಎಂದು ಡೋಲ್ ಹೇಳಿದನಂತೆ. ಒಳ್ಳೆಯ ಉಪಾಯವೆಂದುಕೊಂಡ ಇನೊಯೆ 1959ರಲ್ಲಿ, ಹವಾಯಿ ಪೂರ್ಣ ಸಂಸ್ಥಾನವಾದಾಗ, ಡೋಲನಿಗಿಂತ ಮೊದಲೇ ಪ್ರತಿನಿಧಿಸಭೆಯನ್ನು ಸೇರಿದ. ನಾನು ಇಲ್ಲಿದ್ದೇನೆ, ನೀನೆಲ್ಲಿ ಎಂದು ಗೆಳೆಯನನ್ನು ಛೇಡಿಸಿದ ಕಥೆಯನ್ನು ಕೊನೆಯವರೆಗೂ ಹೇಳುತ್ತಿದ್ದ. ಡೋಲ್ ಬಂದದ್ದು 1961ರಲ್ಲಿ. ಹಾರ್ಟ್ ಅಷ್ಟರಲ್ಲಾಗಲೇ ಸೆನೆಟರ್. 1969ರಿಂದ ಮೂವರೂ ಸೆನೆಟಿನಲ್ಲಿದ್ದರು. ಹಾರ್ಟ್, ಇನೊಯೆ ಡೆಮೊಕ್ರಾಟರು. ಡೋಲ್ ಕಟ್ಟಾ ರಿಪಬ್ಲಿಕನ್.

ಸೆನೆಟಿನ ಕಚೇರಿ ಕಟ್ಟಡಗಳ ಹೆಸರಿನ ಕಥೆಯೂ ಇಲ್ಲಿ ಸ್ವಲ್ಪ ಬೇಕು. 1909ರ ಹಳೆಯ ಕಟ್ಟಡಕ್ಕೂ 1958ರ ಎರಡನೆಯ ಕಟ್ಟಡಕ್ಕೂ ಬಹುಕಾಲ ಯಾರ ಹೆಸರೂ ಇರಲಿಲ್ಲ. 1972ರಲ್ಲಿ ಮೊದಲನೆಯದಕ್ಕೆ ರಿಚರ್ಡ್ ರಸಲ್, ಎರಡನೆಯದಕ್ಕೆ ಎವೆರೆಟ್ ಡರ್ಕ್‌ಸನ್ ಎಂದು ಹೆಸರಿಟ್ಟರು. ಇಬ್ಬರೂ ಆಗ ತೀರಿಕೊಂಡಿದ್ದರು. ಜಾರ್ಜಿಯದ ರಸಲ್ 1933ರಿಂದ 1971ರವರೆಗೆ ಸೆನೆಟಿನಲ್ಲಿದ್ದವನು. ಶಾಲೆಯ ಮಕ್ಕಳಿಗೆ ಮಧ್ಯಾಹ್ನದ ಊಟದ ಕಾಯಿದೆಯನ್ನು ತಂದವನೂ ಅವನೇ, ಕರಿಯರಿಗೆ ಸಮಾನ ಹಕ್ಕು ಕೊಡುವ 1964ರ ಕಾಯಿದೆಗೆ ಅಡ್ಡನಿಂತ ಬಣದ ಮುಖಂಡನೂ ಅವನೇ. ಆ ತಡೆಯನ್ನು 71ಕ್ಕೆ 29 ಮತಗಳಿಂದ ಮುರಿಯಲು ನೆರವಾದವನು ಡರ್ಕ್‌ಸನ್. ಮರುವರ್ಷ ಮತದಾನದ ಹಕ್ಕಿನ ಕಾಯಿದೆಯನ್ನು ಸೆನೆಟಿನಲ್ಲಿ ನಡೆಸಿಕೊಟ್ಟವನು ನಮ್ಮ ಹಾರ್ಟ್. ಇನ್ನು ಸ್ಪರ್ಧಿಸುವುದಿಲ್ಲವೆಂದು ಹೇಳಿ, ಕ್ಯಾನ್ಸರಿನಿಂದ ನರಳುತ್ತಿದ್ದ ಅವನ ಹೆಸರನ್ನು 1976ರ ಆಗಸ್ಟಿನಲ್ಲಿ, ಅವನು ಬದುಕಿರುವಾಗಲೇ, ಮೂರನೆಯ ಕಟ್ಟಡಕ್ಕೆ ಇಡಲು ಸೆನೆಟ್ ನಿರ್ಣಯಿಸಿತು. ಡಿಸೆಂಬರ್ 26ರಂದು ಹಾರ್ಟ್ ತೀರಿಕೊಂಡ. ಕಟ್ಟಡ ತೆರೆದದ್ದು 1982ರಲ್ಲಿ. ಖರ್ಚು ಸುಮಾರು 13 ಕೋಟಿ 70 ಲಕ್ಷ ಡಾಲರ್. ಸರಳನೆಂದು ಹೆಸರಾದವನ ಹೆಸರಿನಲ್ಲಿ ಇಷ್ಟು ದುಂದುಗಾರಿಕೆಯೇ ಎಂದು ಪತ್ರಿಕೆಗಳು ಹಾಸ್ಯ ಮಾಡಿದವು. ಈಗ ಮೂರೂ ಸಾಲಾಗಿ ನಿಂತಿವೆ: ಒಂದು ಕಡೆ ರಸಲ್, ಇನ್ನೊಂದು ಕಡೆ ಹಾರ್ಟ್, ನಡುವೆ ಡರ್ಕ್‌ಸನ್. ರಸಲ್ ಹೆಸರನ್ನು ತೆಗೆದು, ಆಗತಾನೆ ತೀರಿಕೊಂಡಿದ್ದ ಜಾನ್ ಮೆಕೇನ್ ಹೆಸರಿಡಬೇಕೆಂದು 2018ರಲ್ಲಿ ಸಲಹೆ ಬಂತು. ಚರ್ಚೆಯಾಯಿತು, ಹೆಸರು ಬದಲಾಗಲಿಲ್ಲ.

ಆದರೆ ನನಗೆ ಮೆಚ್ಚುಗೆಯಾದದ್ದು ವಾಷಿಂಗ್‌ಟನ್ನಿನ ಅಮೃತಶಿಲೆಯಲ್ಲ, ಬ್ಯಾಟ್ಲ್ ಕ್ರೀಕಿನ ಹಳೆಯ ಆಸ್ಪತ್ರೆ. 1953ರಲ್ಲಿ ಅದು ಮುಚ್ಚಿತು. ಮರುವರ್ಷದಿಂದ ಕೇಂದ್ರ ಸರಕಾರದ ಕಚೇರಿಗಳು ಬಂದು ಕುಳಿತವು. ‘ಫೆಡರಲ್ ಸೆಂಟರ್’ ಎಂಬ ರುಚಿಯಿಲ್ಲದ ಹೆಸರಿನಲ್ಲಿ ಅರ್ಧ ಶತಮಾನ ಕಳೆಯಿತು. 2003ರಲ್ಲಿ ಅದು ಹಾರ್ಟ್–ಡೋಲ್–ಇನೊಯೆ ಫೆಡರಲ್ ಸೆಂಟರ್ ಆಯಿತು. ಹಾರ್ಟ್ ಸತ್ತು 26 ವರ್ಷವಾಗಿತ್ತು. ಡೋಲ್ 1996ರಲ್ಲೇ ಸೆನೆಟನ್ನು ಬಿಟ್ಟಿದ್ದ. ಇನೊಯೆ ಇನ್ನೂ ಸೆನೆಟಿನಲ್ಲಿದ್ದ. ಎಷ್ಟು ಸಲ ಗೆದ್ದರೆಂದು ಲೆಕ್ಕ ಹಾಕಿ ಇಟ್ಟ ಹೆಸರಲ್ಲ ಇದು. ಮೂವರೂ ಆ ಕಟ್ಟಡದ ಮಂಚಗಳ ಮೇಲೆ ಮಲಗಿ, ಉಳಿದ ಕೈಯಲ್ಲಿ ಬದುಕುವುದನ್ನು ಕಲಿತವರು. ಪರ್ಸಿ ಜೋನ್ಸನ ಹೆಸರು ಹಿಂದೆಯೇ ಸರಿದುಹೋಯಿತಲ್ಲ ಎಂದು ನನಗೇನೋ ಸ್ವಲ್ಪ ವ್ಯಥೆಯಿದೆ. ಗಾಯಾಳುಗಳನ್ನು ಸಾಗಿಸಿದವನನ್ನು ಗಾಯಾಳುಗಳ ಜೊತೆಗೇ ಉಳಿಸಿಕೊಳ್ಳಬಹುದಾಗಿತ್ತು.

ಇನೊಯೆ 2012ರ ಡಿಸೆಂಬರಿನಲ್ಲಿ ತೀರಿಕೊಂಡಾಗ ಶವವನ್ನು ಸಂಸದ್ಭವನದ ಗುಮ್ಮಟದ ಕೆಳಗೆ ಇರಿಸಿದ್ದರು. ಎಂಬತ್ತೊಂಬತ್ತು ವರ್ಷದ ಡೋಲ್ ಗಾಲಿಕುರ್ಚಿಯಲ್ಲಿ ಬಂದ. ಕುರ್ಚಿಯಲ್ಲಿ ಕುಳಿತು ಗೆಳೆಯನೆದುರಿಗೆ ಹೋಗಲು ಅವನಿಗೆ ಮನಸ್ಸಾಗಲಿಲ್ಲ. ಎದ್ದುನಿಂತು, ಇನ್ನೊಬ್ಬರ ಆಸರೆಯಿಂದ ಪೆಟ್ಟಿಗೆಯವರೆಗೆ ನಡೆದುಹೋಗಿ, ಎಡಗೈಯಿಂದ ವಂದನೆ ಸಲ್ಲಿಸಿದ. ಡೋಲ್ ತೀರಿಕೊಂಡದ್ದು 2021ರಲ್ಲಿ.

ಇನ್ನು ನಮ್ಮ ಊರಿನ ಮಾತು. ನಮ್ಮ ಹಿರಿಯರು ಬದುಕಿದ್ದಾರಲ್ಲ, ಅವರನ್ನೇ ಕೇಳೋಣವೆಂದು ಮೊನ್ನೆ ಸಂಜೆ ಅವರ ಮನೆಗೆ ಹೋದೆ. ಜಗಲಿಯ ಮೇಲೆ ಕುಳಿತು ಅಡಕೆ ಕತ್ತರಿಸುತ್ತಿದ್ದರು. ವಿಷಯ ಹೇಳಿದೆ. “ಸಭಾಭವನವೇ? ಅದರೊಳಗೆ ನಾನಿನ್ನೂ ಕಾಲಿಟ್ಟಿಲ್ಲವಲ್ಲ ಮೇಷ್ಟ್ರೇ,” ಎಂದು ನಕ್ಕರು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಕೆರೆ ಏರಿಯ ಕೆಳಗೆ ಹೆರಿಗೆ ಆಸ್ಪತ್ರೆ ಇದೆ ನೋಡಿ. ಅದಕ್ಕಾಗಿ ಏಳು ವರ್ಷ ಬೆಂಗಳೂರಿಗೆ ತಿರುಗಿದೆ. ಅದರ ಬೋರ್ಡು ಸುಣ್ಣ ಹೊಡೆಯುವಾಗ ಇಳಿಸಿದ್ದು, ಮತ್ತೆ ಯಾರೂ ಏರಿಸಲಿಲ್ಲ,” ಎಂದರು.

ಮಹನೀಯರು ಭಾನುವಾರ ಬರುತ್ತೇವೆಂದಿದ್ದಾರೆ. ನಾಲ್ಕು ಸಾಲು ಸಿದ್ಧವಾಗಿವೆ, ಆಸ್ಪತ್ರೆಗೆ.