ನೀರು ಬಂತು, ಸವಳೂ ಬಂತು

ತುಂಗಭದ್ರಾ ಅಣೆಕಟ್ಟಿನಿಂದ 1953ರಲ್ಲಿ ಕಾಲುವೆಗೆ ನೀರು ಬಿಟ್ಟಾಗ ನಮ್ಮ ಹಿರಿಯರಿಗೆ ಹಬ್ಬವೇ ಹಬ್ಬವಂತೆ. ಈ ಎರೆಭೂಮಿಯಲ್ಲಿ ಹೆಚ್ಚಾಗಿ ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆ ಬೆಳೆಯಬೇಕೆಂದು ಸರಕಾರದ ಲೆಕ್ಕವಿತ್ತು. ನಾವು ಕೇಳಲಿಲ್ಲ. ಕಂಡಕಂಡಲ್ಲಿ ಭತ್ತ ಹಚ್ಚಿದೆವು. ನಿಂತ ನೀರು ಎಲ್ಲಿಗೆ ಹೋಗಬೇಕು? ಒಳನೀರು ಮೇಲೇರಿತು. ಬೇಸಿಗೆಗೆ ನೀರು ಆರಿ ಉಪ್ಪು ಮಾತ್ರ ಮೇಲೆ ಉಳಿಯಿತು. ಹಳ್ಳದ ದಂಡೆಯ ತಗ್ಗಿನ ಹೊಲಗಳು ಮೊದಲು ಬೆಳ್ಳಗಾದವು. ಮೇಲಿನವರು ಮಾಡಿದ್ದನ್ನು ತಗ್ಗಿನವರು ಉಂಡರು.

ಒಂದು ಮಾತು ಮುಚ್ಚಿಡಬಾರದು. ಆ ಹೊಲದವರಿಗೂ ಸಂಘದಿಂದ ಬೆಳೆಸಾಲದ ನೋಟೀಸು ಹೋದವು. ಠರಾವಿಗೆ ಸಹಿ ಹಾಕಿದವರು ನಾವೇ. ಕೆಲವರು ಮನೆಗೆ ಬೀಗ ಜಡಿದು ಬೆಂಗಳೂರಿಗೆ ದುಡಿಯಲು ಹೋದರು.

ಉಪಾಯ ಗೊತ್ತಿಲ್ಲವೆಂದಲ್ಲ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸವಳಿನ ಮೇಲೆ ಬಹಳ ಕೆಲಸ ನಡೆದಿದೆ. ಒಳ್ಳೆ ನೀರು ಕಟ್ಟಿ ಉಪ್ಪು ಕರಗಿಸಬೇಕು, ಆ ನೀರು ಬಸಿದು ಹೊರಗೆ ಹೋಗಬೇಕು. ಬಸಿಗಾಲುವೆ ಇಲ್ಲದೆ ನೀರು ಕಟ್ಟಿದರೆ ಸವಳು ಹೆಚ್ಚುತ್ತದೆ, ಅಷ್ಟೆ. ಆದರೆ ಒಬ್ಬನ ಬಸಿಗಾಲುವೆ ಇನ್ನೊಬ್ಬನ ಹೊಲ ದಾಟಬೇಕಲ್ಲ! ಜಾಗ ಬಿಡೋರು ಯಾರು? ಇದಕ್ಕೇ ಎಷ್ಟೋ ಸಭೆ ಮುರಿದವು. ಕೊನೆಗೆ ಪಟ್ಟಿ ಹಾಕಿ, ಜೊಂಡು ಕಿತ್ತು, ಹಳೇ ಹಳ್ಳವನ್ನೇ ತೋಡಿಸಿದೆವು. ತಗ್ಗಿನ ಕೆಲವು ಹೊಲಗಳಲ್ಲಿ ಮತ್ತೆ ಪೈರು ಕಂಡಿತು. ಮೇಲಿನ ಸದಸ್ಯರು ಮಾತ್ರ ರಾತ್ರಿ ತೂಬು ಮುಚ್ಚೋದನ್ನು ಇನ್ನೂ ಕಲಿತಿಲ್ಲ.