ಹೈದರಾಬಾದಿನ ದಂಡೂ ಗುಳೆ ಹೋದ ಕನ್ನಡಿಗರೂ

ಪ್ರತಿ ವರ್ಷವೂ ಸೆಪ್ಟೆಂಬರ್ ತಿಂಗಳ ೧೭ನೆಯ ದಿನ ಕಲಬುರಗಿ, ಬೀದರ, ರಾಯಚೂರು ಮೊದಲಾದ ಜಿಲ್ಲೆಗಳಲ್ಲಿ ಧ್ವಜವಂದನೆಯು ನಡೆಯುವುದು. ಬೆಂಗಳೂರಿನ ಉತ್ತರ ಭಾಗದಲ್ಲಿ ವಾಸಿಸುವ ನಮ್ಮಲ್ಲಿ ಅನೇಕರಿಗೆ ಆ ದಿನದ ಅರ್ಥವು ಅಷ್ಟಾಗಿ ತಿಳಿಯದು. ನಾವು ಆಗಸ್ಟ್ ೧೫ನ್ನು ಬಲ್ಲೆವು. ೧೯೪೭ರ ಮೈಸೂರು ಚಲೋ ಚಳವಳಿಯನ್ನೂ, ಅದೇ ವರ್ಷದ ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲವು ಅಧಿಕಾರ ವಹಿಸಿದುದನ್ನೂ ಹಿರಿಯರಿಂದ ಕೇಳಿರುವೆವು. ಆದರೆ ಯಶವಂತಪುರದಲ್ಲಿ ಬೀದರದ ಗಾಡಿಯಿಂದಿಳಿದು ಯಲಹಂಕ, ಹೆಬ್ಬಾಳಗಳ ಸುತ್ತ ಮನೆ ಮಾಡಿಕೊಂಡಿರುವ ಕುಟುಂಬಗಳು ಇಂದು ನಮ್ಮ ನೆರೆಹೊರೆಯೇ ಆಗಿರುವುದರಿಂದ, ಅವರ ಅಜ್ಜ ಅಜ್ಜಿಯರು ಕಂಡುಂಡ ಚರಿತ್ರೆಯು ನಮಗೂ ಸಂಬಂಧಪಟ್ಟುದೆಂದು ತಿಳಿಯಬೇಕು.

ಆ ಚರಿತ್ರೆಯ ಒಂದು ಮುಖವನ್ನು ಮಾತ್ರ ಇಲ್ಲಿ ವಿಚಾರಮಾಡುವೆನು. ತಮ್ಮ ನಾಡಿನಲ್ಲಿ ಗೊಂದಲವೆದ್ದು ಪೋಲೀಸಿನವರ ಬಂದೋಬಸ್ತು ಕುಸಿದು, ಕೊನೆಗೆ ದಂಡೇ ಬಂದು ಕಾವಲನ್ನು ವಹಿಸಿಕೊಂಡಾಗ, ಆ ನಾಡನ್ನು ಬಿಟ್ಟು ಹೊರಗಿದ್ದವರು ಅದನ್ನು ಹೇಗೆ ಕಂಡರು? ೧೯೪೮ರಲ್ಲಿ ಹೈದರಾಬಾದು ಸಂಸ್ಥಾನದ ಕನ್ನಡಿಗರು ಈ ಸ್ಥಿತಿಯಲ್ಲಿದ್ದರು.

ಸಂಸ್ಥಾನದ ವಿಸ್ತಾರವು ೮೨,೦೦೦ ಚದರ ಮೈಲಿಗಳಿಗೂ ಮಿಕ್ಕುದಾಗಿದ್ದಿತು. ೧೯೪೧ರ ಗಣತಿಯಲ್ಲಿ ಪ್ರಜೆಗಳ ಸಂಖ್ಯೆಯು ೧ ಕೋಟಿ ೬೩ ಲಕ್ಷದಷ್ಟು. ೧೬ ಜಿಲ್ಲೆಗಳಲ್ಲಿ ರಾಯಚೂರು, ಗುಲ್ಬರ್ಗಾ ಎರಡೂ, ಬೀದರದ ಒಂದು ಭಾಗವೂ ಕನ್ನಡದವು. ಪಶ್ಚಿಮಕ್ಕೆ ಮುಂಬಯಿ ಪ್ರಾಂತದ ಧಾರವಾಡ, ವಿಜಾಪುರ ಜಿಲ್ಲೆಗಳು. ದಕ್ಷಿಣಕ್ಕೆ ತುಂಗಭದ್ರೆಯಾಚೆ ಮದರಾಸು ಪ್ರಾಂತದ ಬಳ್ಳಾರಿ. ಗಡಿಯ ಎರಡು ಕಡೆಯೂ ಅದೇ ಕಪ್ಪುನೆಲ, ಅದೇ ಜೋಳದ ರೊಟ್ಟಿ, ಅದೇ ಮಾತು. ಹೆಣ್ಣು ಕೊಟ್ಟು ತರುವ ಸಂಬಂಧಗಳೂ ಗಡಿಯನ್ನು ದಾಟಿಯೇ ಇದ್ದವು. ಬೇರೆಯಾಗಿದ್ದುದು ರಾಜ್ಯಭಾರ. ಈಚೆ ಕಲ್ದಾರ ರೂಪಾಯಿಯು ನಡೆಯುತ್ತಿದ್ದರೆ ಆಚೆ ನಿಜಾಮರ ಹಾಲಿ ಸಿಕ್ಕಾ, ಆರು ಕಲ್ದಾರಕ್ಕೆ ಏಳು ಹಾಲಿಯ ಲೆಕ್ಕದಲ್ಲಿ. ಆಚೆ ಕಚೇರಿಯ ಭಾಷೆ ಉರ್ದು. ೧೯೧೮ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯದಲ್ಲಿ ಪಾಠವೂ ಉರ್ದುವಿನಲ್ಲಿಯೇ. ಸರಕು ಸಾಗಿಸುವವನನ್ನು ಗಡಿಯಲ್ಲಿ ಕರೋಡಗಿರಿ ನಾಕೆಯವರು ತಡೆದು ಸುಂಕ ತೆಗೆದುಕೊಳ್ಳುತ್ತಿದ್ದರು.

ಆದುದರಿಂದ ಆ ಸೀಮೆಯವರ ಪರದೇಶವಾಸವು ನಾವು ಸಾಮಾನ್ಯವಾಗಿ ಊಹಿಸುವಂತಹುದಲ್ಲ. ಹಡಗನ್ನೇರಿ ಸಮುದ್ರ ದಾಟಿದವರ ಕಥೆ ಇದಲ್ಲ. ಅಳವಂಡಿಯಿಂದ ಮುಂಡರಗಿಗೆ, ಯಲಬುರ್ಗಿಯ ಕಡೆಯಿಂದ ಗಜೇಂದ್ರಗಡಕ್ಕೆ, ಗಂಗಾವತಿಯ ಕಡೆಯಿಂದ ಹೊಳೆ ದಾಟಿ ಕಂಪ್ಲಿಗೆ. ಎತ್ತಿನ ಗಾಡಿಯು ಒಂದು ದಿನದಲ್ಲಿ ಮುಟ್ಟುವ ದೂರ. ಬರಗಾಲದಲ್ಲಿ ಊರು ಬಿಟ್ಟು ಹೋಗುವುದಕ್ಕೆ ಅಲ್ಲಿಯ ಜನರು 'ಗುಳೆ' ಎನ್ನುತ್ತಾರೆ. ೧೯೪೮ರಲ್ಲಿ ಮಳೆ ಬೆಳೆಗಳ ಮಾತಿಲ್ಲದೆ, ಪ್ರಾಣಭಯದಿಂದಲೇ ಗುಳೆಯು ಎದ್ದಿತು. ಇದಕ್ಕೆ ಹಿಂದೆಯೂ ಉದಾಹರಣೆಯುಂಟು: ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆಯನ್ನು ಕಟ್ಟಿದ ಪಂಡಿತ ತಾರಾನಾಥರು ನಿಜಾಮ ಸರಕಾರದ ಅವಕೃಪೆಗೆ ಪಾತ್ರರಾಗಿ ಸಂಸ್ಥಾನವನ್ನು ಬಿಟ್ಟು ತುಂಗಭದ್ರೆಯ ಬಳಿ ಪ್ರೇಮಾಯತನವನ್ನು ನಡೆಯಿಸಿದರು. ಆದರೆ ಅದು ಒಬ್ಬ ಮಹನೀಯರ ವಿಷಯ. ಇದು ಊರೂರುಗಳ ವಿಷಯ.

ಹೀಗಾಗಲು ಕಾರಣವೇನೆಂಬುದನ್ನು ಸಂಕ್ಷೇಪವಾಗಿ ಹೇಳುವೆನು. ೧೯೪೭ರ ಜೂನಿನಲ್ಲಿ ನಿಜಾಮ ಮೀರ್ ಉಸ್ಮಾನ್ ಅಲೀಖಾನರು, ಬ್ರಿಟಿಷರು ತೆರಳಿದೊಡನೆ ತಾವು ಸ್ವತಂತ್ರರಾಗುವೆವೆಂದು ಫರ್ಮಾನು ಹೊರಡಿಸಿದರು. ಸ್ವಾಮಿ ರಾಮಾನಂದ ತೀರ್ಥರ ನಾಯಕತ್ವದ ಸ್ಟೇಟ್ ಕಾಂಗ್ರೆಸು ಆಗಸ್ಟ್ ೭ರಂದು ಭಾರತದಲ್ಲಿ ಸೇರಬೇಕೆಂಬ ಚಳವಳಿಯನ್ನು ಆರಂಭಿಸಿತು; ಸ್ವಾಮಿಗಳು ಬಂಧಿತರಾದರು. ನವೆಂಬರ್ ೨೯ರಂದು ದಿಲ್ಲಿಗೂ ಹೈದರಾಬಾದಿಗೂ ಒಂದು ವರ್ಷದ ಯಥಾಸ್ಥಿತಿ ಒಪ್ಪಂದವಾಯಿತಾದರೂ ಅದನ್ನು ಎರಡು ಪಕ್ಷದವರೂ ಮನಃಪೂರ್ವಕವಾಗಿ ನಡೆಯಿಸಲಿಲ್ಲ. ಲಾತೂರಿನ ವಕೀಲ ಕಾಸಿಂ ರಜ್ವಿಯು ಇತ್ತೆಹಾದುಲ್ ಮುಸಲ್ಮೀನ್ ಸಂಸ್ಥೆಯ ಮುಖಂಡನಾಗಿ ಬೆಳೆಸಿದ ರಜಾಕಾರರ ಪಡೆಯು ಹಳ್ಳಿಹಳ್ಳಿಗಳಲ್ಲಿ ಸರಕಾರದ ಪೋಲೀಸಿಗಿಂತ ಪ್ರಬಲವಾಯಿತು. ೧೯೪೮ರ ಮೇ ತಿಂಗಳಲ್ಲಿ ಬೀದರ ಜಿಲ್ಲೆಯ ಗೋರಟಾ ಗ್ರಾಮದಲ್ಲಿ ನಡೆದ ಕಗ್ಗೊಲೆಯನ್ನು ಆ ಭಾಗದವರು ಇಂದಿಗೂ ಮರೆತಿಲ್ಲ. ಕಾಯಬೇಕಾದ ಸರಕಾರವು ಕೊಲ್ಲುವವರ ಬೆನ್ನಿಗೆ ನಿಂತಿದೆಯೆಂಬ ನಂಬಿಕೆಯು ಒಮ್ಮೆ ಹುಟ್ಟಿದ ಮೇಲೆ ಊರಲ್ಲಿ ನಿಲ್ಲುವವರಾರು? ಗಡಿಯಾಚೆ ನೆಂಟರೋ ಹಣವೋ ಇದ್ದವರು ಬೇಗನೆ ಹೊರಟರು. ಎರಡೂ ಇಲ್ಲದವರು ಕಡೆಗೆ ಹೊರಟರು, ಇಲ್ಲವೇ ಹೊರಡಲೇ ಇಲ್ಲ. ಗುಳೆ ಹೋದವರ ಕಷ್ಟವನ್ನು ಹೇಳುವಾಗ, ಹೋಗಲಾರದೆ ಉಳಿದವರ ಕಷ್ಟವು ಅದಕ್ಕಿಂತ ಹೆಚ್ಚಿನದೆಂಬುದನ್ನು ನಾವು ಮರೆಯುತ್ತೇವೆ.

ಹೊರಗೆ ಬಂದವರ ನಡುವೆ ಗಡಿಶಿಬಿರಗಳು ಹುಟ್ಟಿಕೊಂಡವು. ಮುಂಡರಗಿಯ ಶಿಬಿರವನ್ನು ಅಳವಂಡಿಯ ಶಿವಮೂರ್ತಿಸ್ವಾಮಿಗಳೂ, ಗಜೇಂದ್ರಗಡದ ಶಿಬಿರವನ್ನು ಪುಂಡಲೀಕಪ್ಪ ಜ್ಞಾನಮೋಠೆಯವರೂ ನಡೆಯಿಸಿದರು. ಈ ಶಿಬಿರಗಳನ್ನು ಸತ್ಯಾಗ್ರಹಾಶ್ರಮಗಳಂತೆ ವರ್ಣಿಸುವುದು ಕೆಲವು ಲೇಖಕರ ವಾಡಿಕೆ. ಅದು ಸರಿಯಲ್ಲವೆಂದು ನನ್ನ ಅಭಿಪ್ರಾಯ. ಮೊದಲಲ್ಲಿ ಶಿಂದಿಯ ಗಿಡಗಳನ್ನು ಕಡಿದು, ಲೆವಿ ಧಾನ್ಯವನ್ನು ಕೊಡದಿರುವಂತೆ ರೈತರಿಗೆ ಬೋಧಿಸಿ ಸರಕಾರದ ಉತ್ಪನ್ನವನ್ನು ಕುಗ್ಗಿಸಿದುದು ನಿಜ. ಆದರೆ ಬಂದೂಕುಗಳು ಬಂದ ಮೇಲೆ ತರುಣರು ರಾತ್ರಿಯಲ್ಲಿ ಗಡಿ ದಾಟಿ ನಾಕೆಗಳ ಮೇಲೂ ಪೋಲೀಸು ಠಾಣೆಗಳ ಮೇಲೂ ಬೀಳುತ್ತಿದ್ದರು. ಕೆಲವು ಗಡಿಹಳ್ಳಿಗಳಲ್ಲಿ ನಿಜಾಮರ ಆಡಳಿತವನ್ನೇ ತೊಡೆದುಹಾಕಿದರು. ಅದರ ಪ್ರತೀಕಾರವು ಒಮ್ಮೊಮ್ಮೆ ಬಿದ್ದುದು ಊರಲ್ಲಿ ಉಳಿದ ನಿರಪರಾಧಿಗಳ ಮೇಲೆ. ಇಷ್ಟಾದರೂ ನಿಜಾಮರ ಕಾಯಂ ಸೈನ್ಯವನ್ನು ತಾವು ಸೋಲಿಸಲಾರೆವೆಂಬುದು ಶಿಬಿರದವರಿಗೆ ಗೊತ್ತಿದ್ದಿತು. ಅವರ ಕಣ್ಣೆಲ್ಲ ದಿಲ್ಲಿಯ ಕಡೆಗೆ. ದಂಡು ಏಕೆ ಬರುವುದಿಲ್ಲವೆಂಬುದೇ ಆ ಬೇಸಗೆಯ, ಆ ಮುಂಗಾರಿನ ಪ್ರಶ್ನೆಯಾಗಿದ್ದಿತು.

ಅದು ಬಂದುದು ಸೆಪ್ಟೆಂಬರ್ ೧೩ರ ನಸುಕಿನಲ್ಲಿ. ಸೊಲ್ಲಾಪುರದ ಕಡೆಯಿಂದ ಮೇಜರ್ ಜನರಲ್ ಜೆ. ಎನ್. ಚೌಧರಿಯವರ ಮುಖ್ಯಪಡೆ, ವಿಜಯವಾಡದ ಕಡೆಯಿಂದ ಇನ್ನೊಂದು. ಹೊಸಪೇಟೆಯ ಕಡೆಯಲ್ಲಿ ಕೆಲಸ ಮಾಡಿದವರಲ್ಲಿ ನಮ್ಮ ಮೈಸೂರು ಸಂಸ್ಥಾನದ ಒಂದನೆಯ ಕಾಲ್ದಳವೂ ಸೇರಿದ್ದಿತು. ಮುಂದೆ ಮೈಸೂರಿನ ಪಡೆಗಳು ಭಾರತದ ಸೈನ್ಯದಲ್ಲಿ ಲೀನವಾದಾಗ ಆ ದಳವು ಮದ್ರಾಸ್ ರೆಜಿಮೆಂಟಿನ ೧೮ನೆಯ ಪಟಾಲಮಾಯಿತು. ಜಯಚಾಮರಾಜೇಂದ್ರ ನಗರದಲ್ಲಿರುವ ಮೈಸೂರು ಲ್ಯಾನ್ಸರುಗಳ ಸ್ಮಾರಕವನ್ನು ದಿನವೂ ಹಾದುಹೋಗುವ ನಮಗೆ ೧೯೧೮ರ ಹೈಫಾದ ಕುದುರೆಯ ದಂಡು ಅಷ್ಟಿಷ್ಟು ನೆನಪಿದೆ. ಹೊಸಪೇಟೆಯ ಕಾಲಾಳುಗಳು ನೆನಪಿಲ್ಲ. ದೂರದ ಯುದ್ಧಕ್ಕೆ ಶಿಲೆ ನಿಲ್ಲುತ್ತದೆ, ಹತ್ತಿರದ್ದಕ್ಕೆ ಇಲ್ಲ.

ಐದು ದಿನಗಳಲ್ಲಿ ಎಲ್ಲವೂ ಮುಗಿಯಿತು. ೧೭ರ ಸಂಜೆ ನಿಜಾಮರು ಯುದ್ಧವಿರಾಮವನ್ನು ಸಾರಿದರು. ರಾಮಾನಂದ ತೀರ್ಥರ ಬಿಡುಗಡೆಯಾಯಿತು. ೧೮ರಂದು ಸೇನಾಪತಿ ಎಲ್ ಎದ್ರೂಸರು ಶಸ್ತ್ರವನ್ನೊಪ್ಪಿಸಿದರು, ಚೌಧರಿಯವರು ಸೈನಿಕ ಗವರ್ನರರಾದರು. ಟ್ಯಾಂಕುಗಳೂ ವಿಮಾನಗಳೂ ಸೇರಿದ್ದ ಈ ದಂಡಯಾತ್ರೆಗೆ ಸರಕಾರವು 'ಪೋಲೀಸು ಕಾರ್ಯಾಚರಣೆ'ಯೆಂದು ಹೆಸರಿಟ್ಟುದು ಸುಮ್ಮನಲ್ಲ. ಹೈದರಾಬಾದಿನವರು ರಾಷ್ಟ್ರಸಂಘದ ಭದ್ರತಾ ಸಮಿತಿಗೆ ದೂರನ್ನು ಕೊಂಡೊಯ್ದಿದ್ದರು. ಇದು ಎರಡು ದೇಶಗಳ ಯುದ್ಧವಲ್ಲ, ನಮ್ಮ ಮನೆಯೊಳಗಣ ಬಂದೋಬಸ್ತು ಎಂದು ಜಗತ್ತಿಗೆ ತೋರಿಸಬೇಕಾಗಿದ್ದಿತು. ಆ ಸೀಮೆಯ ಮುದುಕರು ಮಾತ್ರ ವಾದವಿವಾದವಿಲ್ಲದೆ ಅದನ್ನು ಕಾಲಗಣನೆಗೆ ಬಳಸಿಕೊಂಡರು: ಮಗ ಹುಟ್ಟಿದ್ದು 'ಪೋಲೀಸ್ ಆ್ಯಕ್ಷನ್ನಿ'ನ ಮುಂಚೆಯೋ ಆಮೇಲೆಯೋ ಎಂದು.

ಶಿಬಿರದವರಿಗಾದ ಸಂತೋಷವು ಕೃತಕವಾದುದಲ್ಲ. ತಿಂಗಳುಗಟ್ಟಲೆ ಪರರ ಅಂಗಳದಲ್ಲಿ ಅಡಿಗೆ ಮಾಡಿ ಉಂಡವರಿಗೆ ಸ್ವಂತ ಒಲೆಯ ಬೆಲೆ ಗೊತ್ತು. ಮೇಲಾಗಿ ಅದು ಹಿಂಗಾರಿ ಜೋಳದ ಬಿತ್ತನೆಗೆ ಹೊಲ ಹದಗೊಳ್ಳುವ ಕಾಲ. ಮುಂಗಾರಿಯು ಕೈಬಿಟ್ಟಿದ್ದರೂ ಹಿಂಗಾರಿಯಾದರೂ ದಕ್ಕೀತೆಂಬ ಆಸೆಯು ರೈತರನ್ನು ಊರಿಗೆ ಎಳೆಯಿತು. ದಂಡನ್ನು ಕುರಿತು ಅವರಿಗಿದ್ದ ಭಾವನೆಯಲ್ಲಿ ರಾಜಕಾರಣವೆಷ್ಟೋ ಬೇಸಾಯವೂ ಅಷ್ಟೇ ಇದ್ದಿರಬೇಕು.

ಆದರೆ ಆ ಹಾದಿಯಲ್ಲಿಯೇ ಬೇರೊಂದು ಗುಳೆಯು ಎದುರಾಗಿ ಹೊರಟಿತೆಂಬುದನ್ನು ನಮ್ಮ ಸಭೆ ಸಮಾರಂಭಗಳಲ್ಲಿ ಹೇಳುವವರು ಕಡಿಮೆ. ಸೈನ್ಯವು ಮುಂದೆ ಸಾಗಿದಂತೆ ಹಳ್ಳಿಗಳಲ್ಲಿ ಮುಸಲ್ಮಾನರ ಮೇಲೆ ಸೇಡು ಆರಂಭವಾಯಿತು. ರಜಾಕಾರರಾಗಿದ್ದವರೂ ಸಿಕ್ಕಿದರು, ರಜಾಕಾರರ ಮುಖವನ್ನೇ ಕಾಣದಿದ್ದ ಒಕ್ಕಲಿಗರೂ ಕುಶಲಕರ್ಮಿಗಳೂ ಸಿಕ್ಕಿದರು. ಪ್ರಧಾನಿ ನೆಹರೂ ಅವರು ಪಂಡಿತ ಸುಂದರಲಾಲ, ಕಾಜಿ ಅಬ್ದುಲ್ ಗಫಾರ್ ಮೊದಲಾದವರನ್ನು ವಿಚಾರಣೆಗಾಗಿ ಕಳುಹಿಸಿದರು. ೧೯೪೮ರ ನವೆಂಬರ್ ಕೊನೆಯಿಂದ ಡಿಸೆಂಬರಿನವರೆಗೆ ಅವರು ೯ ಜಿಲ್ಲೆಗಳನ್ನು ಸುತ್ತಿ, ತಾವು ಹೋಗಲಾರದ ೧೦೯ ಹಳ್ಳಿಗಳಿಂದ ಬಂದ ೫೦೦ಕ್ಕೂ ಹೆಚ್ಚು ಮಂದಿಯನ್ನು ವಿಚಾರಿಸಿದರು. ಇಡೀ ಸಂಸ್ಥಾನದಲ್ಲಿ ೨೭,೦೦೦ದಿಂದ ೪೦,೦೦೦ ಜನ ಸತ್ತಿರಬೇಕೆಂದು ಅವರ ಅಂದಾಜು. ಅದರಲ್ಲಿ ಉಸ್ಮಾನಾಬಾದು, ಗುಲ್ಬರ್ಗಾ, ಬೀದರ, ನಾಂದೇಡ ಈ ನಾಲ್ಕು ಜಿಲ್ಲೆಗಳದೇ ೧೮,೦೦೦ಕ್ಕೆ ಕಡಿಮೆಯಿಲ್ಲ. ನಾಲ್ಕರಲ್ಲಿ ಎರಡು ನಮ್ಮವು. ಕೆಲವೆಡೆ ಸೈನಿಕರೇ ಕೊಲೆಯಲ್ಲಿ ಭಾಗಿಗಳಾದರೆಂದೂ, ಬೇರೆ ಅನೇಕ ಕಡೆ ಸೈನ್ಯದವರು ಮುಸಲ್ಮಾನರನ್ನು ಕಾಪಾಡಿದರೆಂದೂ ವರದಿಯು ಹೇಳುತ್ತದೆ. ಗಡಿಯ ಹೊರಗಿನಿಂದ ದಂಡಿನ ಬೆನ್ನುಹತ್ತಿ ಒಳಕ್ಕೆ ನುಗ್ಗಿದ ಗುಂಪುಗಳ ಮಾತೂ ಅದರಲ್ಲಿದೆ. ಶಿಬಿರಗಳಿದ್ದುದು ಗಡಿಯ ಹೊರಗಿನ ಆ ಸೀಮೆಯಲ್ಲಿಯೇ. ಮರಳಿದವರೆಲ್ಲರೂ ಕೈ ಕೆಂಪುಮಾಡಿಕೊಂಡರೆನ್ನುವುದು ಘೋರವಾದ ಅನ್ಯಾಯವಾದೀತು. ಯಾರೂ ಮಾಡಿಕೊಳ್ಳಲಿಲ್ಲವೆಂದು ಬರೆಯುವ ಚರಿತ್ರಕಾರನೂ ವರದಿಯನ್ನು ಓದಿದವನಲ್ಲ.

ಸರದಾರ ಪಟೇಲರು ಆ ವರದಿಯನ್ನು ಒಪ್ಪಲಿಲ್ಲ. ಅದು ಪ್ರಕಟವಾಗದೆ ಉಳಿದು, ೨೦೧೩ರ ಹೊತ್ತಿಗೆ ದಿಲ್ಲಿಯ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ ಸಾರ್ವಜನಿಕರಿಗೆ ನೋಡಸಿಕ್ಕಿತು. ಅಷ್ಟರಲ್ಲಿ ಕಣ್ಣಾರೆ ಕಂಡವರಲ್ಲಿ ಬಹುಮಂದಿ ತೀರಿಕೊಂಡಿದ್ದರು.

ಇನ್ನೂ ಒಂದು ವರ್ಗದ ಪರದೇಶಸ್ಥರನ್ನು ಹೇಳದೆ ಬಿಡಲಾಗದು. ನಿಜಾಮರ ಊಳಿಗದಲ್ಲಿ ತಲೆಮಾರುಗಳಿಂದ ಇದ್ದ ಅರಬರೂ ಪಠಾಣರೂ ಸೈನಿಕ ಸರಕಾರದ ಕಣ್ಣಿಗೆ ಸಂಶಯಾಸ್ಪದರಾದರು. ಅನೇಕರನ್ನು ಬಂಧನದಲ್ಲಿಟ್ಟು, ಹಲವರನ್ನು ಹೊರದೇಶಕ್ಕೆ ಸಾಗಿಸಲಾಯಿತು. ಇಲ್ಲಿಯೇ ಹುಟ್ಟಿ ಬೆಳೆದವನಿಗೆ ಅರಬಸ್ಥಾನವು ಯಾವ ಊರು? ೧೯೪೭-೪೮ರ ಗಲಭೆಗಳಿಗೆ ಹೆದರಿ ಮಧ್ಯಪ್ರಾಂತ ಮುಂಬಯಿಗಳಿಂದ ಹೈದರಾಬಾದನ್ನು ಹೊಕ್ಕಿದ್ದ ಮುಸಲ್ಮಾನ ನಿರಾಶ್ರಿತರನ್ನು ಅವರವರ ಪ್ರಾಂತಗಳಿಗೆ ಹಿಂದಕ್ಕೆ ಕಳುಹಿಸಲಾಯಿತು. ಹೀಗೆ ಒಂದೇ ದಂಡಿನ ಆಗಮನದಿಂದ ಒಬ್ಬರ ಪರದೇಶವಾಸವು ಕೊನೆಗೊಂಡು ಇನ್ನೊಬ್ಬರದು ಆರಂಭವಾಯಿತು.

ಊರಿಗೆ ಮರಳಿದ ನಾಯಕರಿಗೂ ಸ್ವರಾಜ್ಯವು ಕೂಡಲೆ ಕೈಗೆ ಬರಲಿಲ್ಲ. ಸೈನಿಕ ಗವರ್ನರರ ಆಳ್ವಿಕೆಯು ೧೯೪೯ರ ಡಿಸೆಂಬರಿನವರೆಗೆ ನಡೆಯಿತು. ಮುಂದೆ ದಿಲ್ಲಿಯಿಂದ ನೇಮಕವಾದ ಎಂ. ಕೆ. ವೆಲ್ಲೋಡಿಯವರು. ಮದರಾಸು, ಮುಂಬಯಿ, ಮಧ್ಯಪ್ರಾಂತಗಳಿಂದ ಅಧಿಕಾರಿಗಳು ಬಂದು ಕಚೇರಿಗಳಲ್ಲಿ ಕುಳಿತರು. ಶಿಬಿರಗಳಿಗೆ ಇನ್ನು ಕೆಲಸವಿರಲಿಲ್ಲ. ರಾತ್ರಿ ಗಡಿ ದಾಟಿದ ತರುಣನು ಈಗ ಅರ್ಜಿ ಹಿಡಿದು ಹೊರಗಿನ ಗುಮಾಸ್ತನ ಮುಂದೆ ನಿಲ್ಲಬೇಕಾಯಿತು. ಆದರೂ ಈ ಸರಕಾರವೇ ೧೯೪೯ರ ಆಗಸ್ಟಿನಲ್ಲಿ ಜಹಗೀರುಗಳನ್ನು ರದ್ದುಗೊಳಿಸಿತೆಂಬುದನ್ನು ಅದರ ಲೆಕ್ಕಕ್ಕೆ ಹಿಡಿಯಬೇಕು. ಚುನಾಯಿತ ಮಂತ್ರಿಮಂಡಲವಾಗಿದ್ದರೆ ಅಷ್ಟು ಬೇಗ ಮಾಡುತ್ತಿದ್ದಿತೋ ಇಲ್ಲವೋ.

೧೯೫೨ರಲ್ಲಿ ಮೊದಲ ಚುನಾವಣೆಯು ಬಂದಾಗ ರಾಮಾನಂದ ತೀರ್ಥರು ಗುಲ್ಬರ್ಗಾದಿಂದ ಲೋಕಸಭೆಗೆ ಆರಿಸಿಬಂದರು. ಮುಂಡರಗಿಯ ಶಿಬಿರವನ್ನು ನಡೆಯಿಸಿದ ಶಿವಮೂರ್ತಿಸ್ವಾಮಿಗಳು ಕುಷ್ಟಗಿ ಕ್ಷೇತ್ರದಿಂದ ಗೆದ್ದುದು ಸ್ವತಂತ್ರ ಅಭ್ಯರ್ಥಿಯಾಗಿ. ನಾಲ್ಕು ವರ್ಷಗಳ ಬಳಿಕ, ೧೯೫೬ರ ನವೆಂಬರ್ ೧ರಂದು, ಧಾರವಾಡವೂ ರಾಯಚೂರೂ ಒಂದೇ ರಾಜ್ಯಕ್ಕೆ ಸೇರಿದವು. ಮುಂಡರಗಿಯು ಈಗ ಗದಗ ಜಿಲ್ಲೆಯಲ್ಲಿದೆ, ಅಳವಂಡಿಯು ಕೊಪ್ಪಳ ಜಿಲ್ಲೆಯಲ್ಲಿ; ನಡುವಣ ಹಾದಿಯಲ್ಲಿ ಪಯಣಿಗನ ಗಂಟನ್ನು ಬಿಚ್ಚಿ ನೋಡುವ ನಾಕೆ ಯಾವುದೂ ಇಲ್ಲ.