ರೈಲು ಹಳಿಯ ಮೇಲೆ ಕಲಿತ ಹಾಡು

ಅಮೆರಿಕದ 'ಕಂಟ್ರಿ ಮ್ಯೂಸಿಕ್' ಎಂದರೆ ಹಳ್ಳಿಗಾಡಿನ ಬಿಳಿಯರ ಸಂಗೀತ ಎಂದೇ ನಾವು ಕೇಳಿಕೊಂಡು ಬಂದಿದ್ದೇವೆ. ಆದರೆ ಅದರ ಪಿತಾಮಹನೆನಿಸಿದ ಜಿಮ್ಮಿ ರಾಡ್ಜರ್ಸ್‌ನ ಬದುಕನ್ನು ನೋಡಿದರೆ ಇದು ಅರ್ಧ ಸತ್ಯ ಮಾತ್ರ ಎಂಬುದು ತಿಳಿಯುತ್ತದೆ.

1897ರಲ್ಲಿ ಹುಟ್ಟಿದ ಜಿಮ್ಮಿ ಮಿಸಿಸಿಪ್ಪಿ ರಾಜ್ಯದ ಮೆರಿಡಿಯನ್ ಕಡೆಯವನು. ಎಳವೆಯಲ್ಲೇ ತಾಯಿಯನ್ನು ಕಳೆದುಕೊಂಡ. ತಂದೆ ರೈಲು ಹಳಿ ದುರಸ್ತಿಯ ಕೂಲಿಗಳ ಮೇಸ್ತ್ರಿ. ಕೂಲಿಗಳಲ್ಲಿ ಬಹಳಷ್ಟು ಮಂದಿ ಕಪ್ಪು ಜನ. ಭಾರವಾದ ಹಳಿ ಸರಿಸುವಾಗ ಎಲ್ಲರ ಕೈಯೂ ಒಟ್ಟಿಗೆ ಏಳಲೆಂದು ಒಬ್ಬ ಕೂಗಿ ಹಾಡುತ್ತಿದ್ದ, ಉಳಿದವರು ದನಿಗೂಡಿಸುತ್ತಿದ್ದರು. ಅವರಿಗೆ ಕುಡಿಯುವ ನೀರು ಹೊತ್ತು ತರುತ್ತಿದ್ದ ಹುಡುಗ ಜಿಮ್ಮಿ. ಅವನ ಸಂಗೀತದ ಪಾಠಶಾಲೆ ಅದೇ.

ಮುಂದೆ ಅವನು ರೈಲಿನಲ್ಲಿ ಬ್ರೇಕ್‌ಮನ್ ಆದ. 1924ರಲ್ಲಿ ಕ್ಷಯ ಅಂಟಿಕೊಂಡಿರುವುದು ಗೊತ್ತಾಯಿತು. ಮೈಮುರಿಯುವ ದುಡಿಮೆ ಕೈಬಿಡುತ್ತಾ ಬಂತು, ಹಾಡೇ ಹೊಟ್ಟೆಪಾಡಾಯಿತು. 1927ರ ಆಗಸ್ಟ್ 4ರಂದು ಬ್ರಿಸ್ಟಲ್ ಎಂಬ ಊರಿನಲ್ಲಿ ವಿಕ್ಟರ್ ಕಂಪೆನಿಗಾಗಿ ರಾಲ್ಫ್ ಪೀರ್ ಅವನ ಎರಡು ಹಾಡುಗಳನ್ನು ಧ್ವನಿಮುದ್ರಿಸಿಕೊಂಡ. ಅದೇ ನವೆಂಬರ್‌ನಲ್ಲಿ ಹಾಡಿದ 'ಬ್ಲೂ ಯೋಡೆಲ್' ತಟ್ಟೆ ಲಕ್ಷಗಟ್ಟಲೆ ಮಾರಾಟವಾಯಿತು. ಕಪ್ಪು ಜನರ ಬ್ಲೂಸ್ ಹಾಡಿಗೆ, ದನಿಯನ್ನು ಥಟ್ಟನೆ ಮೇಲಕ್ಕೆ ಒಡೆಯುವ ಯೋಡೆಲ್ ಎಂಬ ವರಸೆಯನ್ನು ಅವನು ಬೆಸೆದಿದ್ದ.

ಆಗ ರೆಕಾರ್ಡ್ ಕಂಪೆನಿಗಳು ಕಪ್ಪು ಜನರ ಹಾಡನ್ನು 'ರೇಸ್ ರೆಕಾರ್ಡ್' ಎಂದೂ ಬಿಳಿಯ ಹಳ್ಳಿಗರ ಹಾಡನ್ನು 'ಹಿಲ್‌ಬಿಲಿ' ಎಂದೂ ವಿಂಗಡಿಸಿ ಮಾರುತ್ತಿದ್ದವು. ಜನರನ್ನು ಬೇರ್ಪಡಿಸಿದ ಗೋಡೆ ಅಂಗಡಿಯೊಳಗೂ ಬಂದಿತ್ತು. 1930ರ ಜುಲೈಯಲ್ಲಿ ಲಾಸ್ ಏಂಜಲೀಸ್‌ನಲ್ಲಿ ಒಂಬತ್ತನೆಯ 'ಬ್ಲೂ ಯೋಡೆಲ್' ಹಾಡಿದಾಗ ಅವನ ಪಕ್ಕದಲ್ಲಿ ಟ್ರಂಪೆಟ್ ಊದಿದವನು ಲೂಯಿ ಆರ್ಮ್‌ಸ್ಟ್ರಾಂಗ್, ಪಿಯಾನೋ ನುಡಿಸಿದವಳು ಆತನ ಪತ್ನಿ ಲಿಲ್. ತಟ್ಟೆಯ ಮೇಲೆ ಈ ಇಬ್ಬರ ಹೆಸರೂ ಅಚ್ಚಾಗಲಿಲ್ಲ.

ಜಿಮ್ಮಿಯನ್ನು ನಾವು ಕಳ್ಳನೆನ್ನಲಾರೆವು. ಅವನೂ ಬಡವರ ಮಗನೇ. 1933ರ ಮೇ ತಿಂಗಳಲ್ಲಿ ನ್ಯೂಯಾರ್ಕ್‌ನ ಸ್ಟುಡಿಯೋದಲ್ಲಿ ಅವನಿಗಾಗಿ ಮಂಚ ಹಾಕಿಸಿದ್ದರು. ಒಂದು ಹಾಡು ಮುಗಿಸಿ ಮಲಗಿ ಸುಧಾರಿಸಿಕೊಂಡು, ಎದ್ದು ಮತ್ತೊಂದು ಹಾಡುತ್ತಿದ್ದ. 26ರಂದು ತೀರಿಕೊಂಡ. ವಯಸ್ಸು 35. ಶವ ರೈಲಿನಲ್ಲೇ ಮೆರಿಡಿಯನ್‌ಗೆ ಮರಳಿತು.

1961ರಲ್ಲಿ ಕಂಟ್ರಿ ಸಂಗೀತದ ಕೀರ್ತಿಶಾಲೆಗೆ ಮೊದಲು ಸೇರಿದ ಮೂವರಲ್ಲಿ ಅವನೂ ಒಬ್ಬ. ಆ ಗೌರವ ಅವನಿಗೆ ಸಲ್ಲತಕ್ಕದ್ದೇ. ಆದರೆ ಇತಿಹಾಸ ಓದುವ ನಾವು ಒಂದನ್ನು ಮರೆಯಬಾರದು: ನೀರು ಹೊತ್ತ ಹುಡುಗನ ಹೆಸರು ಉಳಿಯಿತು. ಆ ನೀರು ಕುಡಿದು ಅವನಿಗೆ ಹಾಡು ಕೊಟ್ಟ ಕೂಲಿಗಳು ಹೆಸರಿಲ್ಲದೆ ಹೋದರು.